ಅಮಡಿಯೊದ ಮರಕಾಫಿ

ಫಿಲಿಪ್ಪೀನ್ಸಿನ ಕವೀಟೆ ಪ್ರಾಂತ್ಯದಲ್ಲಿ ಅಮಡಿಯೊ ಒಂದು ಚಿಕ್ಕ ಊರು. ಮನಿಲಾದಿಂದ ದಕ್ಷಿಣಕ್ಕೆ ಹೊರಟು, ಟಗಾಯ್‌ಟೇ ಎಂಬ ಗುಡ್ಡದ ನೆತ್ತಿ ಮುಟ್ಟುವ ಮೊದಲೇ ಪಕ್ಕಕ್ಕೆ ತಿರುಗಿದರೆ ಸಿಗುತ್ತದೆ. ಮೊದಲು ಪಕ್ಕದ ಸಿಲಾಂಗ್‌ಗೆ ಸೇರಿದ್ದ ಹಳ್ಳಿ. 1872ರಲ್ಲಿ ಬೇರೆ ಊರಾದಾಗ ಆಗಿನ ಸ್ಪೇನಿನ ದೊರೆಯ ಹೆಸರನ್ನೇ ಇದಕ್ಕೆ ಇಟ್ಟರು. ಆ ದೊರೆ ಮರುವರ್ಷವೇ ಪಟ್ಟ ಬಿಟ್ಟು ಇಟಲಿಗೆ ಹೋದ, ಸ್ಪೇನಿನವರೂ ಮುಂದೆ ಫಿಲಿಪ್ಪೀನ್ಸ್ ಬಿಟ್ಟು ಹೋದರು, ಹೆಸರು ಹಾಗೇ ಉಳಿಯಿತು. ಈಗ ಊರಿನವರು ತಮ್ಮದು ದೇಶದ ಕಾಫಿ ರಾಜಧಾನಿ ಎನ್ನುತ್ತಾರೆ. ಫೆಬ್ರವರಿಯಲ್ಲಿ ಕೊಯ್ಲು ಮುಗಿಯುತ್ತಾ ಬಂದಾಗ ಪಹಿಮಿಸ್ ಎಂಬ ಹಬ್ಬ ಮಾಡಿ ಬಂದವರಿಗೆಲ್ಲ ಕಾಫಿ ಹಂಚುತ್ತಾರೆ.

ನಾವು ಹೋದದ್ದು ಹಬ್ಬಕ್ಕೆ ಮೊದಲು, ಕೊಯ್ಲಿನ ನಡುವೆ. ನನ್ನ ತಮ್ಮನ ಮಗ ಮನಿಲಾದಲ್ಲಿ ವೈದ್ಯಕೀಯ ಓದುತ್ತಾನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಈಗ ಅಲ್ಲಿ ಓದುತ್ತಿದ್ದಾರೆ. ಅವನನ್ನು ನೋಡಲು ಹೋದವರಿಗೆ ಅವನು ಬೀಚುಗಳ ಪಟ್ಟಿ ಮಾಡಿಟ್ಟಿದ್ದ. ಊರಲ್ಲಿ ಕಾಫಿ ತೋಟ ಮಾಡಿಕೊಂಡಿರುವ ಇವರು, ನನ್ನ ಗಂಡ, ಪಟ್ಟಿ ಪಕ್ಕಕ್ಕಿಟ್ಟು, "ಇಲ್ಲಿ ಕಾಫಿ ಬೆಳೆಯೋ ಊರು ಎಲ್ಲಿದೆ ಮಾರಾಯ?" ಎಂದು ಕೇಳಿದರು. "ಮಾವ, ಅಲ್ಲಿ ನೋಡೋಕೆ ಏನೂ ಇಲ್ಲ" ಎಂದ ಅವನು. "ಏನೂ ಇಲ್ಲದ ಕಡೆಯೇ ಹೋಗೋಣ" ಎಂದರು ಇವರು. ಮಂಡಿನೋವಿನ ಮನುಷ್ಯರಿಗೆ ಓಡಾಟ ಕಡಿಮೆ ಇರುವ ಊರೇ ಬೇಕಿತ್ತು. ನನಗೂ ಒಂದೇ ಕಡೆ ಕುಳಿತು, ಅಲ್ಲಿಯವರ ಬೆಳಗು ಸಂಜೆಗಳನ್ನು ನೋಡುವ ಆಸೆ ಬಹಳ ದಿನದಿಂದ ಇತ್ತು.

ಟಗಾಯ್‌ಟೇ ಕಡೆಯ ಬಸ್ಸು ಹತ್ತಿದೆವು. ಮೊದಲ ಅರ್ಧ ದಾರಿ ಊರೋ ಪೇಟೆಯೋ ಗೊತ್ತಾಗದಂಥ ಒತ್ತೊತ್ತು ಕಟ್ಟಡ, ವಾಹನಗಳ ಸಾಲು. ನಡುವೆ ಇಳಿದು ಜೀಪ್ನಿ ಎಂಬ ಸಣ್ಣ ಬಸ್ಸು ಹಿಡಿದೆವು. ಜೀಪ್ನಿಯಲ್ಲಿ ಸಾಮಾನ್ಯವಾಗಿ ಕಂಡಕ್ಟರ್ ಇರುವುದಿಲ್ಲ. ಹಿಂದೆ ಕುಳಿತವರು ಕಾಸನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ದಾಟಿ ಚಾಲಕನನ್ನು ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ಸು ಬರುತ್ತದೆ. ನಮ್ಮ ಕೈ ಮೇಲೂ ಯಾರು ಯಾರದೋ ಪೆಸೊಗಳು ದಾಟಿಹೋದವು. ಊರಿಗೆ ಹೊಸಬರಾದ ನಮ್ಮನ್ನು ಆ ಸಾಲಿನಲ್ಲಿ ಸೇರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು.

ಉಳಿದದ್ದು ಒಂದು ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದವರು, ಜೊತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು. ಮಗ ಮನಿಲಾದಲ್ಲಿ ಕೆಲಸ, ಮಗಳು ಕೊಲ್ಲಿ ದೇಶದಲ್ಲಿ ನರ್ಸ್. ಮೊಮ್ಮಗಳು ಬಾಗಿಲಲ್ಲೇ ನಮ್ಮ ಕೈ ಹಿಡಿದು, ಬಾಗಿ, ಕೈಯ ಹಿಂಬದಿಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಹಿರಿಯರಿಗೆ ಅಲ್ಲಿ ನಮಸ್ಕಾರ ಮಾಡುವುದು ಹೀಗೆ. ಯಜಮಾನಿಯನ್ನು ಊರೆಲ್ಲ ಕರೆಯುವಂತೆ ನಾವೂ ನಾನಾಯ್ ಎಂದೆವು, ಯಜಮಾನರನ್ನು ತಾತಾಯ್ ಎಂದೆವು. ನಾನಾಯ್‌ಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತಿತ್ತು, ತಡವರಿಸಿದಲ್ಲಿ ಮೊಮ್ಮಗಳು ದಾಟಿಸುತ್ತಿದ್ದಳು. ನಾನು ಮೀನು ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ಒಂದು ಕ್ಷಣ ಯೋಚಿಸಿ, ಹೆಸರುಕಾಳು ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಕೊನೆಗೆ ಹಿತ್ತಲಿನ ನುಗ್ಗೆಸೊಪ್ಪು ಉದುರಿಸಿ ತಂದಿಟ್ಟರು. ಮೊಂಗೊ ಅಂತೆ. ಕ್ರೈಸ್ತರ ಆ ನಾಡಿನಲ್ಲಿ ಮಾಂಸ ಬಿಡುವ ಶುಕ್ರವಾರಗಳ ಅಡುಗೆ. ನನಗೆ ಅಲ್ಲಿದ್ದ ದಿನಗಳೆಲ್ಲ ಶುಕ್ರವಾರವಾದವು.

ಈಶಾನ್ಯದಿಂದ ಬೀಸುವ ಅಮಿಹಾನ್ ಗಾಳಿಯ ಕಾಲ ಅದು. ಬೆಳಿಗ್ಗೆ ಶಾಲು ಬೇಕಾಗುವಷ್ಟು ಚಳಿ. ಬಿಸಿಲು ಏರುವ ಮೊದಲೇ ನಾವಿಬ್ಬರೂ ನಡೆಯಲು ಹೋಗುತ್ತಿದ್ದೆವು. ಅಮಡಿಯೊ ಇಪ್ಪತ್ತಾರು ಬರಂಗಾಯ್‌ಗಳ ಊರು. ಬರಂಗಾಯ್ ಎಂದರೆ ಆಡಳಿತದ ಲೆಕ್ಕದಲ್ಲಿ ತೀರಾ ಚಿಕ್ಕ ಘಟಕ, ಕೇರಿಯಷ್ಟು ದೊಡ್ಡದು. ಫಿಲಿಪ್ಪೀನ್ಸಿನ ಕೇರಿಗಳಲ್ಲಿ ಬಾಸ್ಕೆಟ್‌ಬಾಲ್ ಅಂಗಳ ಇಲ್ಲದ್ದು ಅಪರೂಪ, ಆ ದೇಶಕ್ಕೆ ಆ ಆಟದ ಹುಚ್ಚು ಅಷ್ಟಿದೆ. ಕೊಯ್ಲಿನಲ್ಲಿ ಆ ಸಿಮೆಂಟಿನ ಅಂಗಳವೇ ಕಾಫಿ ಕಣ. ಕೆಂಪು ಹಣ್ಣು ಒಂದು ಮೂಲೆಯಲ್ಲಿ, ಕಂದುಬಣ್ಣಕ್ಕೆ ತಿರುಗಿದ್ದು ಇನ್ನೊಂದು ಮೂಲೆಯಲ್ಲಿ, ಒಣಗಿ ಗಲಗಲ ಎನ್ನುವುದು ಬುಟ್ಟಿಯ ಕಂಬದ ಕೆಳಗೆ. ಹೆಂಗಸೊಬ್ಬರು ಮರದ ಹಲಗೆಯಿಂದ ಹಣ್ಣನ್ನು ಸಾಲುಸಾಲಾಗಿ ಎಳೆದು ತಿರುವುತ್ತಿದ್ದರು. ಇವರು ನಿಂತರು, ಬಗ್ಗಿ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಆ ಹೆಂಗಸು ನಕ್ಕು ಬೆರಳಲ್ಲಿ ತೋರಿಸಿದರು: ಇನ್ನೂ ಎರಡು ದಿನ. ಇವರೂ ತಲೆಯಾಡಿಸಿದರು: ಹೌದು, ಎರಡು ದಿನ. ಅಷ್ಟಕ್ಕೆ ಭಾಷೆ ಬೇಕಾಗಲಿಲ್ಲ.

ಅಲ್ಲಿಯ ತೋಟಗಳು ಚಿಕ್ಕವು, ಒಂದೆರಡು ಎಕರೆಯವೇ ಹೆಚ್ಚು. ಬಹುಪಾಲು ರೋಬಸ್ಟಾ. ತೆಂಗಿನ ನೆರಳು, ಹಲಸು, ಬಾಳೆ, ಪಪ್ಪಾಯಿ, ಬುಡದಲ್ಲಿ ಅನಾನಸ್, ಕೆಲವು ಕಡೆ ಕಾಳುಮೆಣಸಿನ ಬಳ್ಳಿ. ಒಂದೇ ಬೆಳೆಯನ್ನು ನೆಚ್ಚಿ ಕುಳಿತ ತೋಟ ಒಂದೂ ಕಾಣಲಿಲ್ಲ. ಬೇಲಿಗುಂಟ ತಿಳಿಗುಲಾಬಿ ಹೂ ಬಿಟ್ಟ ಗ್ಲಿರಿಸಿಡಿಯಾ. ನಾವು ಸೊಪ್ಪಿಗೆಂದು ಬೇಲಿಯಲ್ಲಿ ನೆಡುವ ಇದೇ ಗೊಬ್ಬರದ ಗಿಡದ ತವರು ಮೆಕ್ಸಿಕೊ ಕಡೆ. ಸ್ಪೇನಿನ ಹಡಗುಗಳು ಅಕಾಪುಲ್ಕೊದಿಂದ ಮನಿಲಾಕ್ಕೆ ಇನ್ನೂರೈವತ್ತು ವರ್ಷ ಓಡಾಡಿದಾಗ ಬೆಳ್ಳಿಯ ಜೊತೆ ಇಂಥ ಗಿಡಮರಗಳೂ ದಾಟಿಬಂದವು. ಊರಿನ ಅಂಚಿನಲ್ಲಿ ನೆಲ ಇದ್ದಕ್ಕಿದ್ದಂತೆ ಸೀಳಿ ಆಳದ ಕಣಿವೆಯಾಗುತ್ತದೆ, ಕೆಳಗೆ ಹೊಳೆ. ಆ ಕಣಿವೆಯ ಇಳಿಜಾರಲ್ಲೂ ಕಾಫಿ.

ನಾನಾಯ್ ಮನೆಯ ಹಿತ್ತಲಿಗೆ ಹೋದದ್ದು ಬಂದ ಮರುದಿನ. ದನ ಕಟ್ಟುವ ಜಾಗ ದಾಟಿದರೆ ದೊಡ್ಡ ದೊಡ್ಡ ಮರಗಳು, ಮನೆಯ ಮಾಡಿಗಿಂತ ಎತ್ತರ. ಹಲಸಿನ ಎಲೆಗಿಂತ ಅಗಲವಾದ ದಪ್ಪ ಎಲೆ. ಕೊಂಬೆಗೆ ಏಣಿ ಒರಗಿಸಿ ತಾತಾಯ್ ಮೇಲೆ ನಿಂತಿದ್ದರು, ಸೊಂಟಕ್ಕೆ ಬುಟ್ಟಿ. ಹಣ್ಣು ನಾವು ಕಂಡ ಕಾಫಿ ಹಣ್ಣಿನ ಎರಡರಷ್ಟು ದೊಡ್ಡದು, ಸಿಪ್ಪೆ ಗಡಸು. ಇವರು ಮರದ ಬುಡಕ್ಕೆ ಕೈಯಿಟ್ಟು ಮೇಲೆ ನೋಡಿ, "ಇದು ನಮ್ಮ ಬೇಲಿ ಮರ ಅಲ್ವೇನೇ!" ಎಂದರು.

ಹೌದು, ಅದೇ. ಲೈಬೀರಿಕಾ. ಮಲೆನಾಡಿನ ಹಳೆಯ ತೋಟಗಳ ಗಡಿಯಲ್ಲಿ ಗಾಳಿತಡೆಗೋ ಬೇಲಿಗೋ ನಿಲ್ಲಿಸಿದ ಈ ಮರಗಳನ್ನು ನಾವು ಮರಕಾಫಿ ಎನ್ನುತ್ತೇವೆ. ನಮ್ಮ ತೋಟದ ಕೆಳಗಿನ ಗಡಿಯಲ್ಲೂ ಇವರ ಅಜ್ಜನ ಕಾಲದವು ಕೆಲವು ಇವೆ. ಅವುಗಳ ಹಣ್ಣನ್ನು ಯಾರೂ ಪ್ರತ್ಯೇಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಗೆ ಸಿಕ್ಕಿದ್ದು ರೋಬಸ್ಟಾ ರಾಶಿಗೆ ಸೇರುತ್ತದೆ, ಸಿಗದ್ದು ಕಬ್ಬೆಕ್ಕಿನ ಪಾಲು. ಕವೀಟೆ, ಬತಂಗಾಸ್ ಸೀಮೆಗಳಲ್ಲಿ ಇದೇ ಮರದ ಕಾಫಿಗೆ ಬರಾಕೊ ಎಂದು ಹೆಸರು, ಅದೇ ಮನೆಯ ಕಾಫಿ, ಅತಿಥಿಗೆ ಕೊಡುವ ಕಾಫಿ.

ಆ ಕಾಫಿಯನ್ನು ಕುಡಿದದ್ದರ ಬಗ್ಗೆ ಹೇಳಬೇಕು. ನಾನಾಯ್ ಬೆಳಗಿನ ಜಾವ ಸೌದೆ ಒಲೆ ಹೊತ್ತಿಸಿ, ಮಸಿ ಹಿಡಿದ ಪಾತ್ರೆಯಲ್ಲಿ ನೀರು ಕುದಿಸಿ, ಕುದಿಯುವಾಗಲೇ ಪುಡಿ ಹಾಕಿ, ಒಲೆಯಿಂದ ಇಳಿಸಿ ಮುಚ್ಚಿಡುತ್ತಿದ್ದರು. ಗಸಿ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ, ಕಂದು ಸಕ್ಕರೆ ಹಾಕಿ, ಹಾಲಿಲ್ಲದೆ ಕೊಡುತ್ತಿದ್ದರು. ನನ್ನ ಅಜ್ಜಿ ಬಟ್ಟೆಯ ಚೀಲದಲ್ಲಿ ಸೋಸಿ ಬೆಲ್ಲ ಹಾಕಿ ಮಾಡುತ್ತಿದ್ದ ಕಾಫಿಯನ್ನು ಕುಡಿದು ಬೆಳೆದವಳು ನಾನು, ಮಾಡುವ ಕ್ರಮ ನನಗೆ ಹೊಸತಲ್ಲ. ಘಮ ಮಾತ್ರ ಬೇರೆ. ಲೋಟ ಮೂಗಿನ ಹತ್ತಿರ ಬಂದಾಗ ಹಲಸಿನ ಹಣ್ಣು ಬಿಡಿಸಿದ ಕೋಣೆಯೊಳಗೆ ಕಾಲಿಟ್ಟಂತೆ. ನಾನು ಇದನ್ನು ಹೇಳಿದಾಗ ಮೊಮ್ಮಗಳು ಕೈ ತಟ್ಟಿದಳು. ಅವರೂ ಹಾಗೇ ಹೇಳುತ್ತಾರಂತೆ. ಬಾಯಲ್ಲಿ ದಪ್ಪ ಕಹಿ, ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುವ ಕಾಫಿ ಅದು.

ತಾತಾಯ್ ಅದನ್ನು ಕುಡಿಯುವುದಷ್ಟೇ ಅಲ್ಲ, ಊಟ ಮಾಡುತ್ತಿದ್ದರು. ತಟ್ಟೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಒಂದು ಲೋಟ ಬರಾಕೊ ಸುರಿದು, ಪಕ್ಕದಲ್ಲಿ ಒಣಮೀನು. ನಾವು ಸಾರು ಕಲಸಿಕೊಳ್ಳುವ ಜಾಗದಲ್ಲಿ ಅವರಿಗೆ ಕಾಫಿ. ಹಳೆಯ ತಲೆಯವರು ಹೊಲಕ್ಕೆ ಹೋಗುವ ಮೊದಲು ಹೀಗೇ ಉಣ್ಣುತ್ತಿದ್ದರಂತೆ, ಮಕ್ಕಳಿಗೂ ಹಾಗೇ ತಿನ್ನಿಸುತ್ತಿದ್ದರಂತೆ. ಇವರು ತಾವೂ ತಟ್ಟೆ ಮುಂದೆ ಮಾಡಿದರು. ಎರಡು ತುತ್ತು ನಾನೂ ತಿಂದೆ. ಅನ್ನದ ಸಿಹಿ ಆ ಕಹಿಯನ್ನು ತಗ್ಗಿಸುತ್ತದೆ, ಚೆನ್ನಾಗಿಯೇ ಇತ್ತು.

ಬರಾಕೊ ಅಡುಗೆಮನೆಗೆ ಬಂದು ನೆಲೆಸಿದ ಕಥೆ ಅಮಡಿಯೊದಲ್ಲಿ ಪೂರ್ತಿ ತಿಳಿಯುವುದಿಲ್ಲ, ಅದಕ್ಕೆ ಲಿಪಾಕ್ಕೆ ಹೋಗಬೇಕು. ಟಾಲ್ ಸರೋವರದ ಆಚೆ ಬದಿಯ, ಬತಂಗಾಸ್ ಸೀಮೆಯ ಆ ಪಟ್ಟಣಕ್ಕೆ ಒಂದು ದಿನ ಬಿಡುವು ಮಾಡಿಕೊಂಡು ಹೋದೆವು. 1740ರ ಹೊತ್ತಿಗೆ ಒಬ್ಬ ಫ್ರಾನ್ಸಿಸ್ಕನ್ ಪಾದ್ರಿ ಅಲ್ಲಿ ಮೊದಲ ಕಾಫಿ ಗಿಡ ನೆಟ್ಟ ಎಂದು ಹೇಳುತ್ತಾರೆ. ನಿಜವಾದ ಸುಗ್ಗಿ ಬಂದದ್ದು ಮುಂದಿನ ಶತಮಾನದ ಕೊನೆಯಲ್ಲಿ. 1869ರಲ್ಲಿ ಸಿಲೋನಿನ ತೋಟಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ, ನಂತರ ಎಲೆ ಉದುರಿ ಬೋಳಾದ ಗಿಡ. ಸಿಲೋನ್ ಕಾಫಿ ಬಿಟ್ಟು ಚಹಾಕ್ಕೆ ಹೋಯಿತು. ರೋಗ ಮೈಸೂರು, ಕೊಡಗುಗಳಿಗೂ ಬೇಗನೆ ಬಂತು, ಜಾವಾಕ್ಕೂ ಹೋಯಿತು. ಅಷ್ಟೂ ವರ್ಷ ಲಿಪಾದ ಗಿಡಗಳು ಆರೋಗ್ಯವಾಗಿದ್ದವು, ಬೇರೆಯವರ ತೋಟ ಒಣಗಿದಷ್ಟೂ ಇವರ ಬೆಲೆ ಏರಿತು. 1887ರಲ್ಲಿ ಸ್ಪೇನಿನ ರಾಣಿ ಲಿಪಾಕ್ಕೆ ನಗರದ ಪದವಿ ಕೊಟ್ಟಳು. ಆ ಕಾಲದ ಶ್ರೀಮಂತ ಹೆಂಗಸರ ಚಪ್ಪಲಿಗೆ ವಜ್ರ ಕೂರಿಸಿದ್ದರು ಎಂದು ಊರಿನವರು ಇಂದಿಗೂ ಹೇಳುತ್ತಾರೆ.

1889ರಲ್ಲಿ ತುಕ್ಕು ಅಲ್ಲಿಗೂ ಬಂತು, ಜೊತೆಗೆ ಹುಳದ ಬಾಧೆ. ಎರಡು ವರ್ಷದಲ್ಲಿ ಬೆಳೆ ಆರರಲ್ಲೊಂದು ಭಾಗಕ್ಕೆ ಇಳಿಯಿತು. ಉಳಿದ ಕೆಲವು ಸಸಿಗಳು ಬತಂಗಾಸ್‌ನಿಂದ ಕವೀಟೆಗೆ ಬಂದವು. ತುಕ್ಕು ತಾಳಿಕೊಳ್ಳುವ ಗಟ್ಟಿ ಮರವೆಂದು ಲೈಬೀರಿಕಾ ಈ ಸೀಮೆಯಲ್ಲಿ ನೆಲೆ ನಿಂತಿತು.

ಲಿಪಾದ ಕಾಫಿ ದುಡ್ಡು ಕಟ್ಟಿಸಿದ ಮನೆಗಳಲ್ಲಿ ಈಗ ನೋಡಲು ಸಿಗುವುದು ಕಾಸಾ ದೆ ಸೆಗುಂಡಾ. 1880ರ ಸುಮಾರಿನ ಮನೆ, ಕೆಳಗೆ ಕಲ್ಲು, ಮೇಲೆ ಮರ. ಗಾಜಿನ ಬದಲು ಕಾಪಿಸ್ ಎಂಬ ತೆಳು ಚಿಪ್ಪನ್ನು ಕತ್ತರಿಸಿ ಕೂರಿಸಿದ ಕಿಟಕಿಗಳು, ಅದರ ಮೂಲಕ ಒಳಗೆ ಬರುವ ಬೆಳಕು ಹಾಲಿನ ಬಣ್ಣದ್ದು. ದೇಶದ ಸ್ವಾತಂತ್ರ್ಯ ಹೋರಾಟದ ಹುತಾತ್ಮ ಹೊಸೆ ರಿಸಾಲ್ ಎಳೆಯ ವಯಸ್ಸಿನಲ್ಲಿ ಮೊದಲು ಪ್ರೀತಿಸಿದ ಸೆಗುಂಡಾ ಕತಿಗ್ಬಾಕ್‌ಳ ಹೆಸರು ಈ ಮನೆಗೆ. ನೋಡಲು ಬಂದವರು ಆ ಪ್ರೇಮದ ಕಥೆ ಕೇಳುತ್ತಾ ಇದ್ದರು. ಇವರು ನುಣುಪಾದ ನೆಲದ ಹಲಗೆಗಳನ್ನು ನೋಡುತ್ತಾ, "ತುಕ್ಕು ಬರೋ ಕೆಲವೇ ವರ್ಷ ಮುಂಚೆ ಕಟ್ಟಿದ್ದಾರೆ. ಕಟ್ಟುವಾಗ ಯಾರಿಗೆ ಗೊತ್ತಿತ್ತು" ಎಂದರು. ಕಾಳುಮೆಣಸಿಗೆ ಸೊರಗು ರೋಗ, ಅರೇಬಿಕಾಕ್ಕೆ ಕಾಂಡಕೊರಕ ಎಂದು ಪ್ರತಿ ವರ್ಷ ಎದೆ ಹಿಡಿದುಕೊಂಡು ಬದುಕಿದವರ ಮಾತು ಅದು. ನಾನು ಅವರ ಕೈ ಹಿಡಿದುಕೊಂಡೆ.

ವಾಪಸ್ಸು ಬರುವ ದಾರಿಯಲ್ಲಿ ಅವರು ಹೇಳಿದ ವಿಷಯ ನಾನು ಅರ್ಧ ಕೇಳಿದ್ದೆ, ಪೂರ್ತಿ ತಿಳಿದಿರಲಿಲ್ಲ. ತುಕ್ಕಿಗೆ ಉತ್ತರ ಹುಡುಕಲೆಂದೇ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅವರ ಮುಂದಾಳ್ತನದಲ್ಲಿ 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಬೆರೆತು ಹುಟ್ಟಿದ್ದೆಂದು ನಂಬಲಾದ ಒಂದು ಗಿಡದ ಸಂತತಿಯಿಂದ ಅಲ್ಲಿ ಎಸ್.288 ಎಂಬ ಆಯ್ಕೆ ಬಂತು. ಅದನ್ನು ಕೆಂಟ್ಸ್ ತಳಿಯ ಜೊತೆ ಸಂಕರ ಮಾಡಿ 1940ರ ದಶಕದಲ್ಲಿ ಎಸ್.795 ಕೊಟ್ಟರು. ಚಿಕ್ಕಮಗಳೂರು, ಹಾಸನ, ಕೊಡಗುಗಳ ಎಷ್ಟೋ ಮನೆಗಳ ಮಕ್ಕಳು ಓದಿದ್ದು, ಹೆಣ್ಣುಮಕ್ಕಳ ಮದುವೆ ಆದದ್ದು ಈ 795ರ ದುಡ್ಡಿನಿಂದ. ಅದರ ಮೈಯಲ್ಲಿ ತುಕ್ಕನ್ನು ತಡೆಯುವ ಶಕ್ತಿ ಬಂದದ್ದು ಈ ಮರಕಾಫಿಯ ಕಡೆಯಿಂದ. ನಮ್ಮ ತೋಟದ ಒಳಗೆ ಮೊಮ್ಮಕ್ಕಳಿಗೆ ನೆರಳು ನೀರು ಗೊಬ್ಬರ ಎಲ್ಲ ಸಿಗುತ್ತಿದೆ, ಹಿರಿಯಜ್ಜಿ ಬೇಲಿಯಲ್ಲಿ ನಿಂತಿದ್ದಾಳೆ.

ಅಮಡಿಯೊಗೂ ಸುಲಭದ ದಿನಗಳಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಬಿದ್ದಾಗ ಲೋಕದ ಎಲ್ಲ ಕಡೆ ಬೆಲೆ ಕುಸಿಯಿತು. ಆ ವರ್ಷದ ಹೆಸರು ಎತ್ತಿದರೆ ನಮ್ಮ ಕಡೆಯ ಹಿರಿಯ ಬೆಳೆಗಾರರಿಗೂ ಎಲ್ಲ ನೆನಪಾಗುತ್ತದೆ. ಕವೀಟೆಯಲ್ಲಿ ಎಷ್ಟೋ ಜನ ಗಿಡ ಕಡಿದರು. ಮನಿಲಾ ಹತ್ತಿರವಾದಂತೆ ಕಾಫಿಗಿಂತ ನೆಲವೇ ಹೆಚ್ಚು ಬೆಲೆಬಾಳತೊಡಗಿತು. ಈಗ ಸಿಲಾಂಗ್ ತನಕ ಎಕ್ಸ್‌ಪ್ರೆಸ್ ಹೆದ್ದಾರಿ ಬಂದಿದೆ, ದಾರಿಯುದ್ದಕ್ಕೂ ಮನೆ ನಿವೇಶನದ ಫಲಕಗಳು. ಇನ್ನೊಂದು ಕಡೆ, ಫಿಲಿಪ್ಪೀನ್ಸ್ ತಾನು ಬೆಳೆಯುವುದಕ್ಕಿಂತ ಹಲವು ಪಟ್ಟು ಕಾಫಿ ಕುಡಿಯುವ ದೇಶ. ಕುಡಿಯುವುದರಲ್ಲಿ ಬಹಳಷ್ಟು ಹಾಲು, ಸಕ್ಕರೆ ಬೆರೆಸಿದ ಇನ್‌ಸ್ಟಂಟ್ ಪೊಟ್ಟಣ. ಬೀದಿಯ ಪುಟ್ಟ ಅಂಗಡಿಗಳಲ್ಲಿ ಅವು ಮಾಲೆಯಾಗಿ ತೂಗುತ್ತವೆ, ಜನ ಒಂದೊಂದೇ ಹರಿದು ಕೊಳ್ಳುತ್ತಾರೆ. ಆ ಕಾಫಿ ಹೆಚ್ಚಾಗಿ ವಿಯೆಟ್ನಾಂ, ಇಂಡೊನೇಷ್ಯಾಗಳಿಂದ ಬರುತ್ತದೆ. ಕೂಲಿಗೆ ಹೋಗುವ ಮನುಷ್ಯನಿಗೆ ಬೆಳಿಗ್ಗೆ ಬಿಸಿಯಾಗಿ ಏನೋ ಒಂದು ಬೇಕು, ಕೈಯಲ್ಲಿರುವುದು ಕೆಲವು ಪೆಸೊ. ಅವನನ್ನು ದೂರುವ ಮನಸ್ಸು ನನಗಿಲ್ಲ. ತನ್ನ ಅಂಗಳದಲ್ಲಿ ಒಣಗುವ ಹಣ್ಣಿಗೆ ನ್ಯಾಯವಾದ ಬೆಲೆ ಕಟ್ಟುವ ಪೇಟೆ ಅವನಿಗೆ ಸಿಗಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ಒಂದು ಸಂಜೆ ಟಗಾಯ್‌ಟೇ ಗುಡ್ಡದ ಅಂಚಿಗೆ ಹೋಗಿ ಟಾಲ್ ನೋಡಿದೆವು. ದೊಡ್ಡ ಸರೋವರ, ನಡುವೆ ದ್ವೀಪ, ದ್ವೀಪದಲ್ಲಿ ಜ್ವಾಲಾಮುಖಿ. ಎಲ್ಲರೂ ಫೋಟೊ ತೆಗೆಯುವ ಜಾಗ. ನಮ್ಮ ಜೊತೆ ಬಂದಿದ್ದ ಮೊಮ್ಮಗಳು ಮಾತ್ರ 2020ರ ಜನವರಿ 12ರ ಮಧ್ಯಾಹ್ನವನ್ನು ಹೇಳಿದಳು. ಅಂದು ಬೂದಿ ಮಳೆಯಾಗಿ ಸುರಿದು, ಹಗಲೇ ಕತ್ತಲಾಗಿ, ಮರುದಿನ ಕಾಫಿ ಎಲೆಗಳೆಲ್ಲ ಬೂದುಬಣ್ಣದ ಕೆಸರು ಹೊತ್ತು ಬಾಗಿದ್ದವಂತೆ. ಹಣ್ಣು ಕೆಂಪಾಗುವ ಕಾಲ. ಅಜ್ಜ ಕೊಂಬೆಕೊಂಬೆಗೂ ಹೋಗಿ ಕೋಲಿನಿಂದ ತಟ್ಟಿ ಉದುರಿಸಿದರು, ಅಜ್ಜಿ ಕೊಡದಲ್ಲಿ ನೀರು ಹೊತ್ತು ಎಲೆ ತೊಳೆದರು. "ಅಷ್ಟು ಎತ್ತರದ ಬರಾಕೊ ಮರಗಳನ್ನೂ ತೊಳೆದಿರಾ?" ಎಂದು ನಾನು ಮನೆಗೆ ಬಂದು ನಾನಾಯ್‌ರನ್ನು ಕೇಳಿದೆ. "ಅವನ್ನೇ ಮೊದಲು ತೊಳೆದದ್ದು. ರೋಬಸ್ಟಾ ಮಾರೋಕೆ. ಬರಾಕೊ ನಮಗೆ" ಎಂದರು.

ಆ ಮಾತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಲೋಕದ ಕಾಫಿ ವ್ಯಾಪಾರದಲ್ಲಿ ಲೈಬೀರಿಕಾದ ಪಾಲು ನೂರಕ್ಕೆ ಎರಡೂ ಇಲ್ಲ. ಸಿಪ್ಪೆ ದಪ್ಪ, ಹಣ್ಣಿನ ತೂಕಕ್ಕೆ ಬೀಜ ಕಡಿಮೆ, ಕೊಯ್ಯಲು ಏಣಿ ಬೇಕು, ಒಣಗಲು ಹೆಚ್ಚು ದಿನ ಬೇಕು. ಲೆಕ್ಕ ಹಾಕುವ ಯಾರೇ ಆದರೂ ಕಡಿದು ರೋಬಸ್ಟಾ ಹಾಕು ಎನ್ನುತ್ತಾರೆ. ಹಾಗೆ ಹೇಳಿದ್ದನ್ನು ಕೇಳಿ ಕಡಿದವರೂ ಬಹಳ ಜನ. ಆದರೂ ಮರ ಉಳಿದಿದೆ, ಏಕೆಂದರೆ ಬೆಳಗಾದರೆ ಅನ್ನಕ್ಕೆ ಸುರಿದುಕೊಳ್ಳಲು ಅದೇ ಬೇಕೆನ್ನುವ ಮುದುಕರಿದ್ದಾರೆ, ಅದನ್ನು ಹುರಿಯಬಲ್ಲ ಹೆಂಗಸರಿದ್ದಾರೆ. ಇತ್ತೀಚೆಗೆ ಪಟ್ಟಣದ ಕೆಫೆಗಳು ಬರಾಕೊ ಹುಡುಕಿಕೊಂಡು ಬರುತ್ತಿವೆ, ಪಕ್ಕದ ಇಂಡಾಂಗ್‌ನಲ್ಲಿರುವ ಕವೀಟೆ ರಾಜ್ಯ ವಿಶ್ವವಿದ್ಯಾಲಯದ ಕಾಫಿ ಸಂಶೋಧನಾ ಕೇಂದ್ರವೂ ಬೆಳೆಗಾರರ ಜೊತೆ ಕೆಲಸ ಮಾಡುತ್ತಿದೆ. ಒಳ್ಳೆಯದು. ಆದರೆ ಅವರೆಲ್ಲ ಬರುವ ತನಕ ಈ ಮರವನ್ನು ಕಾದದ್ದು ಅಡುಗೆಮನೆ. ನಮ್ಮ ಬೇಲಿಯ ಮರಗಳಿಗೆ ಇಲ್ಲದೆ ಹೋದದ್ದು ಈ ಒಲೆಯ ನಂಟು.

ಹೊರಡುವ ಹಿಂದಿನ ದಿನವಿಡೀ ನಾನಾಯ್ ಜೊತೆ ಒಲೆಯ ಮುಂದೆ ಕುಳಿತಿದ್ದೆ. ಬಾಣಲೆಯಲ್ಲಿ ಬರಾಕೊ ಹುರಿಯುವುದಕ್ಕೆ ಕೈ ನಿಲ್ಲಿಸುವಂತಿಲ್ಲ. ಬೀಜ ದೊಡ್ಡದು, ಒಂದೇ ಗಾತ್ರದ್ದಲ್ಲ, ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಅದಕ್ಕೆ ಬೆಂಕಿ ಸಣ್ಣದಿರಬೇಕು. ಸೌದೆ ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಹೊಗೆಯ ವಾಸನೆ ನೋಡಿ ಆಕೆ ಬೆಂಕಿ ತಿದ್ದುತ್ತಿದ್ದರು. ಮಗಳು ಕೊಲ್ಲಿಯಿಂದ ಬಂದಾಗಲೆಲ್ಲ ಎರಡು ಕಿಲೊ ಹುರಿದು ಕಟ್ಟಿಕೊಡಬೇಕಂತೆ, ಅಲ್ಲಿ ಸಿಗುವ ಯಾವ ಕಾಫಿಯೂ ಅವಳಿಗೆ ಸೇರುವುದಿಲ್ಲವಂತೆ. ಆ ಕಡೆ ಇವರು ತಾತಾಯ್ ಜೊತೆ ಹಿತ್ತಲಲ್ಲಿ ನಿಂತು, ಮರವನ್ನು ಎಷ್ಟು ಎತ್ತರಕ್ಕೆ ಕತ್ತರಿಸಿದರೆ ಏಣಿ ಇಲ್ಲದೆ ಕೊಯ್ಯಬಹುದು ಎಂಬುದನ್ನು ಕೈಸನ್ನೆಯಲ್ಲೇ ಚರ್ಚಿಸುತ್ತಿದ್ದರು. ಬೀಜ ಒಯ್ಯಿರಿ ಎಂದು ತಾತಾಯ್ ಒಂದು ಚೀಲ ಮುಂದಿಟ್ಟರು. ಮೊಳೆಯುವ ಬೀಜವನ್ನು ಹಾಗೆ ದೇಶ ದಾಟಿಸುವಂತಿಲ್ಲ. ತುಕ್ಕು ದೇಶದಿಂದ ದೇಶಕ್ಕೆ ದಾಟಿದ ಕಥೆ ಕೇಳಿ ಬಂದವರಿಗೆ ಆ ಕಾನೂನು ಸರಿಯೆಂದೇ ಕಂಡಿತು. ಹುರಿದ ಪುಡಿ ಮಾತ್ರ ತಂದೆವು.

ಈ ವರ್ಷ ನಮ್ಮ ಕೆಳಗಿನ ಗಡಿಯ ಮರಗಳ ಹಣ್ಣನ್ನು ರೋಬಸ್ಟಾ ರಾಶಿಗೆ ಹಾಕಲಿಲ್ಲ. ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಸಿ, ಕಣದ ಒಂದು ಮೂಲೆಯಲ್ಲಿ ಬೇರೆಯಾಗಿ ಒಣಗಿಸಿದೆವು. ಕೊಯ್ಯಲು ಬಂದ ಹೆಂಗಸರು, "ಇದ್ಯಾಕಮ್ಮ ಇಷ್ಟು ಜೋಪಾನ?" ಎಂದು ಕೇಳಿದರು. ಹುರಿದದ್ದು ನಾನೇ, ಸಣ್ಣ ಬೆಂಕಿಯಲ್ಲಿ. ಸೊಸೆಗೆ ಅದರ ಘಮ ಅತಿ ಎನ್ನಿಸಿತು, ಅವಳು ತನ್ನ ಫಿಲ್ಟರ್ ಕಾಫಿಯನ್ನೇ ಮಾಡಿಕೊಳ್ಳುತ್ತಾಳೆ. ತೊಂಬತ್ತರ ಹತ್ತಿರದ ನಮ್ಮತ್ತೆಯವರಿಗೆ ಬೆಲ್ಲ ಹಾಕಿ ಒಂದು ಲೋಟ ಕೊಟ್ಟೆ. ಕುಡಿದು, ಇದು ಯಾವ ತೋಟದ್ದು ಎಂದು ಕೇಳಿದರು. ನಮ್ಮದೇ ಎಂದೆ. ಈಗ ಸಂಜೆ ನಾಲ್ಕಾದರೆ ಅವರಿಗೆ ಅದೇ ಆಗಬೇಕು, ಮುಂದಿನ ಕೊಯ್ಲಿನ ತನಕ ಪುಡಿ ಸಾಲುತ್ತದೋ ಇಲ್ಲವೋ ಎಂದು ಡಬ್ಬಿ ಅಲ್ಲಾಡಿಸಿ ನೋಡುತ್ತಿರುತ್ತಾರೆ.